ಕೈಗುಣ

ಕಬ್ಬಿಣ ಎಲ್ಲಿಂದ ಬಂತು ಎಂದು ತನುಜ ಕೇಳಲಿಲ್ಲ. ಕೇಳಿದ್ದರೆ ಪದ್ಮಶ್ರೀ ಏನಾದರೂ ಹೇಳಿಬಿಡುತ್ತಿದ್ದಳು. ಇಷ್ಟು ವರ್ಷ ಪಾಠ ಹೇಳಿದ ಬಾಯಿಗೆ ಒಂದು ಉತ್ತರ ಹೊಂದಿಸುವುದು ಕಷ್ಟವಲ್ಲ. ಆದರೆ ಆ ಹುಡುಗಿ ಮೊನ್ನೆ ಬೆಂಗಳೂರಿನಿಂದ ತಂದ ವರದಿಯನ್ನು ಮೇಜಿನ ಮೇಲಿಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ಅದರ ಮೇಲೊಂದು ಡಸ್ಟರ್ ಹೇರಿ, "ಎರಡನೇ ಸಲ ಮಾಡಿದ ಸ್ಯಾಂಪಲ್‌ಗಳಲ್ಲೆಲ್ಲ ಕಬ್ಬಿಣ ಇದೆ ಮೇಡಂ. ಮೊದಲನೇ ಸಲದ್ರಲ್ಲಿ ಇಲ್ಲ," ಎಂದಷ್ಟೇ ಹೇಳಿ ನಿಂತಿದ್ದಳು. ಮುಂದೆ ಏನೋ ಕೇಳುತ್ತಾಳೆ ಎಂದು ಪದ್ಮಶ್ರೀ ಕಾದಳು. "ಊಟ ಆಯ್ತಾ ಮೇಡಂ?" ಎಂದು ಕೇಳಿ ಹೊರಟುಹೋದಳು. ಅಂದಿನಿಂದ ಆ ಕೇಳದೆ ಬಿಟ್ಟ ಪ್ರಶ್ನೆಯದೇ ಕಾಟ. ಸ್ನಾನದ ಮನೆಯಲ್ಲಿ, ಕುಕ್ಕರ್ ಕೂಗುವಾಗ, ಗಂಡ ಸುನೀಲ್‌ಕುಮಾರ್ ಪೇಪರ್ ಮಡಚಿ "ಏನೇ ಅದು, ಮುಖ ಗಂಟಾಕ್ಕೊಂಡಿದೀಯ" ಎಂದಾಗ, ಅದು ಬಂದು ಎದುರು ನಿಲ್ಲುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ಆದರೂ ಅವಳ ಕೈ ಹೆಗಲಿಗೆ ಹೋಗುತ್ತಲೇ ಇತ್ತು. ಇವತ್ತು ಸಮಿತಿಯ ಮುಂದೆ ತನುಜಳ ಪಿಎಚ್‌ಡಿಯ ಕೊನೆಯ ವರದಿ. ಪ್ರಶ್ನೆಯನ್ನು ತನುಜ ಕೇಳದಿದ್ದರೂ ಅಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಕನ್ನಡಿಯ ಮುಂದೆ ನಿಂತು ಕುಂಕುಮದ ಭರಣಿಗೆ ಬೆರಳು ಅದ್ದಿದವಳು ಹಾಗೇ ನಿಂತುಬಿಟ್ಟಳು. ಬೆರಳ ತುದಿಯಲ್ಲಿ ಕೆಂಪು ಪುಡಿ ಎಷ್ಟು ನುಣ್ಣಗಿದೆ, ಎಷ್ಟು ಮೆದುವಾಗಿ ಚರ್ಮದ ಗೆರೆಗಳೊಳಗೆ ಇಳಿದಿದೆ. ಅದೇ ಹೊತ್ತಿಗೆ ಶಿಡ್ಲಘಟ್ಟದಿಂದ ಅಮ್ಮ ಶ್ಯಾಮಲಮ್ಮನ ಫೋನು ಬಂತು. "ಶುಕ್ರವಾರ ಕಣಮ್ಮಾ ಇವತ್ತು. ಕಾಲೇಜಲ್ಲಿ ಮಿಷಿನ್‌ಗಳಿಗೆ ಹೂವ ಇಟ್ಟು ಬೊಟ್ಟು ಇಡೋದು ಮರೀಬೇಡ." ಪದ್ಮಶ್ರೀ ಹೂಂ ಎಂದಳು. ಆಮೇಲೆ, ಯಾವುದೋ ಸೀರೆಯ ಬೆಲೆ ವಿಚಾರಿಸುವ ದನಿಯಲ್ಲಿ, "ಆ ಕುಂಕುಮ ಎಲ್ಲಿ ತಗೊಂತೀಯಮ್ಮಾ ನೀನು?" ಎಂದು ಕೇಳಿದಳು. "ಸಂತೇಲಿ, ತೂಕಕ್ಕೆ. ಯಾಕೆ, ಹಣೆ ಉರೀತಾ?" "ಇಲ್ಲ ಬಿಡು." "ಬಣ್ಣ ಚೆನ್ನಾಗೈತೆ ಕಣೇ. ಅಪ್ಪಟ ಅರಿಶಿನದ್ದು ಇಷ್ಟು ಕೆಂಪು ಬರೋದೇ ಇಲ್ಲ," ಎಂದಳು ಅಮ್ಮ ಹೆಮ್ಮೆಯಿಂದ. ಪದ್ಮಶ್ರೀ ಬೆರಳನ್ನು ಟವಲಿಗೆ ಒರೆಸಿಕೊಂಡು, ಡ್ರಾಯರಿನಲ್ಲಿ ಹುಡುಕಿ ಸ್ಟಿಕ್ಕರ್ ಬಿಂದಿ ಹಚ್ಚಿಕೊಂಡಳು. ಟವಲಿನ ಮೇಲೆ ಕೆಂಪು ಗೀರು ಉಳಿಯಿತು. ಅದನ್ನು ಬಟ್ಟೆ ತೊಳೆಯುವ ಬುಟ್ಟಿಯ ತಳಕ್ಕೆ ತುರುಕಿದ್ದು ಯಾಕೆಂದು ಅವಳಿಗೇ ನಗು ಬಂತು, ಆದರೆ ತೆಗೆದು ಮೇಲಿಡಲಿಲ್ಲ.

ಚಿಕ್ಕಬಳ್ಳಾಪುರ ದಾಟಿ ಕಾರು ಶಿಡ್ಲಘಟ್ಟದ ರಸ್ತೆಗೆ ಹೊರಳಿದಾಗ ಎರಡೂ ಬದಿ ಹಿಪ್ಪುನೇರಳೆಗೆ ನೀರು ಬಿಟ್ಟಿದ್ದರು. ಈ ರಸ್ತೆಯಲ್ಲೇ ಅವಳ ಕಾಲೇಜು, ಅದರ ಹಿಂಬದಿಯಲ್ಲಿ ತಗಡಿನ ಮಾಡಿನ ಸಂಶೋಧನಾ ಕೇಂದ್ರ, ಅದಕ್ಕೆ ಅವಳೇ ಮುಖ್ಯಸ್ಥೆ. ತಾನು ಮಾಡುವ ಕೆಲಸವನ್ನು ಬಿಎಸ್ಸಿ ಮಕ್ಕಳಿಗೆ ಅವಳು ಚೆನ್ನಾಗಿ ಹೇಳುತ್ತಿದ್ದಳು. ಜಿಂಕ್ ಆಕ್ಸೈಡ್ ಒಂದು ಬಿಳಿ ಪುಡಿ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲೂ ಇರುತ್ತದೆ, ಅದೊಂದು ಅರೆವಾಹಕ. ಅದಕ್ಕೂ ಅಯಸ್ಕಾಂತಕ್ಕೂ ನಂಟಿಲ್ಲ. ಮದುವೆಯ ಊಟದ ಪಂಕ್ತಿಯ ಹಾಗೆ ಅದರಲ್ಲಿ ಜಿಂಕ್ ಪರಮಾಣುಗಳು ಸಾಲಾಗಿ ಕೂತಿವೆ ಅಂದುಕೊಳ್ಳಿ. ನೂರಕ್ಕೆ ಎರಡು ಮೂರನ್ನು ಎಬ್ಬಿಸಿ ಅಲ್ಲಿ ಮ್ಯಾಂಗನೀಸ್ ಕೂರಿಸುತ್ತೇವೆ. ಮ್ಯಾಂಗನೀಸಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳಿವೆ, ಹಾಗಾಗಿ ಒಂದೊಂದೂ ಒಂದು ಪುಟ್ಟ ಅಯಸ್ಕಾಂತ. ಆದರೆ ಅವು ದೂರ ದೂರ ಕೂತಿವೆ, ಒಂದಕ್ಕೊಂದು ಮಾತಿಲ್ಲ. ನಡುವೆ ಓಡಾಡುವ ಎಲೆಕ್ಟ್ರಾನುಗಳು ಒಂದರ ಮಾತನ್ನು ಇನ್ನೊಂದಕ್ಕೆ ಮುಟ್ಟಿಸಿದರೆ ಎಲ್ಲವೂ ಒಂದೇ ಕಡೆ ಮುಖ ತಿರುಗಿಸುತ್ತವೆ, ಪುಡಿಯೇ ಅಯಸ್ಕಾಂತವಾಗುತ್ತದೆ. ಕೋಣೆಯ ಮಾಮೂಲಿ ತಾಪದಲ್ಲಿ, ಮೇಜಿನ ಮೇಲಿಟ್ಟಾಗ, ಹಾಗೆ ಆಗುತ್ತದೆಯೇ ಎಂಬುದೇ ತನುಜಳ ಪಿಎಚ್‌ಡಿ. ಒಮ್ಮೆ ಇದನ್ನು ಹೇಳುವಾಗ "ಬೇರೆ ಜನಾನ ತಂದು ನಮ್ಮ ಪಂಕ್ತೀಲಿ ಕೂರಿಸಿದ ಹಾಗೆ" ಎಂದುಬಿಟ್ಟಿದ್ದಳು. ಹುಡುಗರು ನಕ್ಕಿದ್ದರು. ಹಿಂದಿನ ಬೆಂಚಿನಲ್ಲಿ ಅಟೆಂಡೆನ್ಸ್ ಗುರುತು ಮಾಡುತ್ತಿದ್ದ ತನುಜ ತಲೆ ಎತ್ತಲಿಲ್ಲ, ಪೆನ್ನು ಮಾತ್ರ ನಿಂತಿತು. ಯಾವ ಅರ್ಥದಲ್ಲೂ ಹೇಳಿದ್ದಲ್ಲ, ಬಾಯಿಗೆ ಬಂದ ಮಾತು. ಬಾಯಿಗೆ ಬರುವ ಮಾತು ಎಲ್ಲಿಂದ ಬರುತ್ತದೆ ಎಂದು ಆವತ್ತು ಅವಳು ಯೋಚಿಸಿರಲಿಲ್ಲ.

ಮೊದಲನೇ ಸಲ ತನುಜ ಪುಡಿ ಮಾಡಿದಾಗ ಪದ್ಮಶ್ರೀ ಇರಲಿಲ್ಲ. ಅಮ್ಮನ ಮಂಡಿಯ ಆಪರೇಷನ್ ಎಂದು ರಜೆ ಹಾಕಿ ಶಿಡ್ಲಘಟ್ಟದಲ್ಲಿದ್ದಳು. ಲ್ಯಾಬಿನ ಬೀಗದ ಕೈ ತನುಜಳ ಹತ್ತಿರವೇ ಇತ್ತು. ಅವಳು ಒಬ್ಬಳೇ ಕೂತು ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ ಅರೆದು, ಕುಲುಮೆಯಲ್ಲಿ ಕಾಯಿಸಿ, ಅಳತೆಗೆ ಬೆಂಗಳೂರಿಗೆ ಒಯ್ದು ತಂದು, ಫೋನಿನಲ್ಲಿ "ಏನೂ ಇಲ್ಲ ಮೇಡಂ. ನೆಟ್ಟಗೆ ಗೆರೆ ಬಂದಿದೆ, ಲೂಪ್ ಇಲ್ಲ," ಎಂದಿದ್ದಳು. ಲೂಪ್ ಎಂದರೆ ಕುಣಿಕೆ. ಕಾಂತವನ್ನು ಹತ್ತಿರ ತಂದು ದೂರ ಒಯ್ದಾಗ ಪುಡಿ ಅದನ್ನು ನೆನಪಿಟ್ಟುಕೊಂಡರೆ ಗ್ರಾಫಿನ ಗೆರೆ ಹೋದ ದಾರಿಯಲ್ಲೇ ಮರಳುವುದಿಲ್ಲ, ಕುಣಿಕೆಯಾಗುತ್ತದೆ. ಕುಣಿಕೆ ಬಂದರೆ ಅಯಸ್ಕಾಂತ, ಇಲ್ಲದಿದ್ದರೆ ಬರೀ ಪುಡಿ. ಪದ್ಮಶ್ರೀಗೆ ಸಿಟ್ಟೇ ಬಂದಿತ್ತು. ಊರಿಗೆಲ್ಲ ಬರುವ ಕುಣಿಕೆ ಇವಳಿಗೆ ಯಾಕೆ ಬರಬಾರದು? "ಸರಿಯಾಗಿ ಅರೆದಿರಲ್ಲ ನೀನು. ನಾನು ಬರ್ತೀನಿ ತಡಿ," ಎಂದು ಹೇಳಿ, ರಜೆ ಮುಗಿಸಿ ಬಂದವಳೇ ಎಲ್ಲವನ್ನೂ ಹೊಸದಾಗಿ ಮಾಡಿಸಿದಳು. ಈ ಸಲ ಹೈಡ್ರೋಜನ್ ಬೆರೆತ ಆರ್ಗಾನ್ ಅನಿಲದಲ್ಲಿ ಕಾಯಿಸು ಎಂದಳು. ಕುಣಿಕೆ ಬಂತು. ಒಂದರಲ್ಲಲ್ಲ, ಎಲ್ಲದರಲ್ಲೂ. ಪದ್ಮಶ್ರೀ ಮೈಸೂರು ಪಾಕು ತರಿಸಿ ಇಡೀ ವಿಭಾಗಕ್ಕೆ ಹಂಚಿದಳು. ತನುಜಳ ಬೆನ್ನು ತಟ್ಟಿ, "ನೋಡಿದ್ಯಾ ನನ್ನ ಕೈಗುಣ?" ಎಂದಳು. ಎಲ್ಲರೂ ನಕ್ಕರು. ಪ್ರಬಂಧ ಅಚ್ಚಾಯಿತು, ಕಾಲೇಜಿನ ವೆಬ್‌ಸೈಟಿನಲ್ಲಿ ಅವಳ ಫೋಟೋ ಬಂತು, ಬೇರೆ ಊರಿನಿಂದ ಉಪನ್ಯಾಸಕ್ಕೆ ಕರೆ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಸಾಲಿಗೆ ತಾನೂ ಸೇರಿದೆನಲ್ಲ ಎಂದು ಈಗ ಅನ್ನಿಸುತ್ತದೆ. ಆವತ್ತು ತನುಜ ಮಾತ್ರ ಮೈಸೂರು ಪಾಕನ್ನು ಪೇಪರಿನಲ್ಲಿ ಸುತ್ತಿಟ್ಟುಕೊಂಡು, "ಮೊದಲನೇ ಸಲ ಯಾಕೆ ಬರ್ಲಿಲ್ಲ ಮೇಡಂ?" ಎಂದು ಕೇಳಿದ್ದಳು. ಅದಕ್ಕೆ ತಾನು ಏನು ಉತ್ತರ ಕೊಟ್ಟೆ ಎಂಬುದೇ ಪದ್ಮಶ್ರೀಗೆ ನೆನಪಿಲ್ಲ.

ನೆನಪಿರುವುದು ಬೇರೆ. ರಜೆಯಿಂದ ಬಂದ ಮೊದಲ ಶುಕ್ರವಾರ. ಕುಲುಮೆಗೆ, ತಕ್ಕಡಿಗೆ, ಪಂಪಿಗೆ ಹೂವಿಟ್ಟು ಕುಂಕುಮ ಇಡುತ್ತ ಬಂದು ಆವತ್ತು ಹೊಸದಾಗಿ ಒರಳಿನ ಅಂಚಿಗೂ ಒಂದು ದೊಡ್ಡ ಬೊಟ್ಟು ಇಟ್ಟಳು. ಅರೆಯುವ ಕಲ್ಲು ಎಂದರೆ ಲಕ್ಷ್ಮಿ, ಅಮ್ಮನ ಮನೆಯಲ್ಲಿ ಒರಳಿಗೆ ಬೊಟ್ಟಿಲ್ಲದ ಶುಕ್ರವಾರವೇ ಇಲ್ಲ. ತನುಜ ಹತ್ತಿರ ಬಂದು, "ಒರಳಿಗೆ ಮಾತ್ರ ಬೇಡ ಮೇಡಂ, ಪುಡಿ ಒಳಗಡೆ ಸೇರ್ಕೊಂಡ್ರೆ..." ಎಂದಳು. ಎಂಎಸ್ಸಿಯ ಹುಡುಗಿಯರು ಅಲ್ಲೇ ನಿಂತಿದ್ದರು. "ನಿಮ್ಮ ಮನೇಲಿ ಇದೆಲ್ಲ ಮಾಡಲ್ಲ ಅಲ್ವಾ, ಅದಕ್ಕೆ ನಿಂಗೆ ಹಂಗನ್ಸುತ್ತೆ ಬಿಡು," ಎಂದಳು ಪದ್ಮಶ್ರೀ, ನಗುತ್ತಲೇ. ತನುಜಳದು ಕೆಂಚಾರ್ಲಹಳ್ಳಿ, ಅಪ್ಪ ಕೋನಪ್ಪ ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದವರು, ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ದೇವರಿಲ್ಲ ಎಂಬುದು ವಿಭಾಗಕ್ಕೆಲ್ಲ ಗೊತ್ತಿತ್ತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ತನುಜ "ಸರಿ ಮೇಡಂ" ಎಂದಳು. ಅವಳು ಹೇಳಿದ್ದು ಪುಡಿಯ ಮಾತು, ಪದ್ಮಶ್ರೀ ಉತ್ತರ ಕೊಟ್ಟದ್ದು ಅವಳ ಮನೆಗೆ. ಆಮೇಲೆ ಎಷ್ಟು ಶುಕ್ರವಾರ ಬಂದವೋ, ತನುಜ ಆ ಬಗ್ಗೆ ತುಟಿ ಬಿಚ್ಚಲಿಲ್ಲ. ಬೊಟ್ಟು ಇಟ್ಟಾದ ಮೇಲೆ ಒರಳನ್ನು ಒಯ್ದು ತೊಳೆಯುತ್ತಿದ್ದಳು, ಆಮ್ಲ ಹಾಕಿ ತಿಕ್ಕುತ್ತಿದ್ದಳು, ಅದನ್ನೂ ಪದ್ಮಶ್ರೀ ನೋಡಿ, "ನಾನು ಇಟ್ಟ ಬೊಟ್ಟು ಅಳಿಸೋಕೆ ಅಷ್ಟು ಅವಸರಾನಾ?" ಎಂದು ಒಮ್ಮೆ ಹಂಗಿಸಿದ್ದಳು. ಎರಡನೇ ಸಲದ ಪುಡಿ ಅರೆಯುವ ಮೊದಲೇ ತೊಳೆಯುವುದೂ ನಿಂತುಹೋಯಿತು.

ಬೆಳಕಿನ ಪರೀಕ್ಷೆ ಮಾಡಿಸಬೇಕು ಎಂದು ಹಟ ಹಿಡಿದವಳೂ ತನುಜಳೇ. ಬೆಂಗಳೂರಿನಲ್ಲಿ ಆ ಉಪಕರಣ ಇಟ್ಟುಕೊಂಡಿದ್ದ ಮೋಹನ್‌ಬಾಬು ಸಮಿತಿಯಲ್ಲೂ ಇದ್ದರು, ಮಾಡಿಕೊಟ್ಟರು. ಬೆಳಕನ್ನು ಬಲಕ್ಕೆ ಸುತ್ತುವ ಹಾಗೂ ಕಳಿಸಬಹುದು, ಎಡಕ್ಕೆ ಸುತ್ತುವ ಹಾಗೂ ಕಳಿಸಬಹುದು. ಪುಡಿಯೊಳಗೆ ಓಡಾಡುವ ಎಲೆಕ್ಟ್ರಾನುಗಳಿಗೂ ಮ್ಯಾಂಗನೀಸಿಗೂ ನಿಜಕ್ಕೂ ಮಾತುಕತೆ ಇದ್ದರೆ, ಕಾಂತದ ನಡುವೆ ಹಿಡಿದಾಗ ಅವು ಒಂದು ಸುತ್ತಿನ ಬೆಳಕನ್ನು ಹೆಚ್ಚು ಹೀರುತ್ತವೆ, ಇನ್ನೊಂದನ್ನು ಕಡಿಮೆ. ಇಲ್ಲಿ ಎರಡನ್ನೂ ಒಂದೇ ಸಮ ಹೀರಿದವು. ಮೋಹನ್‌ಬಾಬು ಫೋನು ಮಾಡಿ, "ಮೇಡಂ, ನಿಮ್ಮ ಪುಡೀಲಿ ಅಯಸ್ಕಾಂತ ಏನೋ ಇದೆ. ಆದ್ರೆ ನಿಮ್ಮ ಎಲೆಕ್ಟ್ರಾನ್‌ಗಳಿಗೆ ಅದು ಯಾರು ಅಂತಾನೇ ಗೊತ್ತಿಲ್ಲ. ಒಂದೇ ಮನೇಲಿದಾವೆ, ಮಾತಿಲ್ಲ," ಎಂದು ನಕ್ಕಿದ್ದರು. ಹಾಗೆಂದರೆ ಅಯಸ್ಕಾಂತ ಮ್ಯಾಂಗನೀಸಿನದಲ್ಲ, ಹೊರಗಿನಿಂದ ಬಂದು ಸೇರಿಕೊಂಡದ್ದು. ತನುಜ ಸುಮ್ಮನೆ ಎರಡೂ ಸಲದ ಪುಡಿಗಳನ್ನು ಕಟ್ಟಿಕೊಂಡು ಹೋಗಿ ಯಾವ ಯಾವ ಲೋಹ ಇದೆ ಎಂದು ನೋಡಿಸಿಕೊಂಡು ಬಂದಳು. ಕಬ್ಬಿಣ.

ನಿನ್ನೆ ತನುಜ ಪರದೆಗೆ ಹಾಕುವ ಚಿತ್ರಗಳನ್ನು ಸರಿಪಡಿಸಲು ಕಂಪ್ಯೂಟರ್ ಕೋಣೆಗೆ ಹೋಗಿದ್ದಾಗ ಪದ್ಮಶ್ರೀ ಲ್ಯಾಬಿನ ಬಾಗಿಲು ಹಾಕಿಕೊಂಡಳು. ಪೂಜೆಗೆಂದು ಅಲ್ಲಿಟ್ಟಿದ್ದ ಭರಣಿಯಿಂದ ಅಮ್ಮ ಕೊಟ್ಟ ಕುಂಕುಮ ಒಂದು ಚಿಟಿಕೆ ತೆಗೆದು, ಬೇರೇನೂ ಬೆರೆಸದೆ, ಅದೇ ಅನಿಲದಲ್ಲಿ, ಅದೇ ಕುಲುಮೆಯಲ್ಲಿ ಕಾಯಿಸಿದಳು. ಹೊರಗೆ ತೆಗೆದಾಗ ಕೆಂಪು ಹೋಗಿ ಕಪ್ಪಾಗಿತ್ತು. ಕಾಗದದ ಮೇಲೆ ಸುರಿದು ಅಡಿಯಲ್ಲಿ ಅಯಸ್ಕಾಂತ ಹಿಡಿದಳು. ಕಪ್ಪು ಪುಡಿ ಮೀಸೆಯ ಹಾಗೆ ಎದ್ದು ನಿಂತಿತು. ಅಯಸ್ಕಾಂತವನ್ನು ಆಚೀಚೆ ಸರಿಸಿದರೆ ಅದೂ ಸರಿಯುತ್ತಿತ್ತು. ಅವಳು ಅದನ್ನು ಎಷ್ಟು ಹೊತ್ತು ನೋಡುತ್ತ ನಿಂತಿದ್ದಳೋ. ಬಣ್ಣಕ್ಕೆಂದು ಬೆರೆಸಿದ ಕೆಂಪು ಮಣ್ಣು, ಕಬ್ಬಿಣದ ಮಣ್ಣು, ಹೈಡ್ರೋಜನ್ನಿನಲ್ಲಿ ಕಾದರೆ ಕಪ್ಪು ಅಯಸ್ಕಾಂತ. ಒಂದು ಕ್ಷಣ, ನಾಚಿಕೆ ಆಗುವುದಕ್ಕಿಂತ ಮೊದಲು, ಅವಳಿಗೆ ಖುಷಿಯಾಗಿತ್ತು. ಲೆಕ್ಕ ಸರಿಬಂದ ಖುಷಿ. ಅದನ್ನು ಕೂಗಿ ಹೇಳಬೇಕಾದ ಒಬ್ಬಳೇ ಒಬ್ಬಳು ಪಕ್ಕದ ಕೋಣೆಯಲ್ಲೇ ಇದ್ದಳು. ಪದ್ಮಶ್ರೀ ಕಾಗದವನ್ನು ಸಿಂಕಿಗೆ ಕೊಡವಿ, ನಲ್ಲಿ ಬಿಟ್ಟು, ನೀರು ತಿಳಿಯಾಗುವವರೆಗೂ ನಿಂತು, ಬಾಗಿಲು ತೆರೆದಳು.

ಒಂದು ಮಾತು ಹೇಳಿದರೆ ಸಾಕು ಎಂಬುದು ಅವಳಿಗೆ ಗೊತ್ತಿತ್ತು. ಕಬ್ಬಿಣ ನನ್ನ ಕುಂಕುಮದ್ದು, ನಾನು ರಜೆಯಲ್ಲಿದ್ದಾಗ ಮಾಡಿದ ಮೊದಲ ಪುಡಿ ಶುದ್ಧವಾದದ್ದು, ಅದರಲ್ಲಿ ಅಯಸ್ಕಾಂತ ಇಲ್ಲ ಎಂದು ತನುಜ ಹೇಳಿದ್ದೇ ಸರಿ. ಹಾಗೆಂದರೆ ತನುಜ ಅದನ್ನೇ ಬರೆದು ಈ ತಿಂಗಳು ಥೀಸಿಸ್ ಒಪ್ಪಿಸಬಹುದು, ಗೌರಿಬಿದನೂರಿನ ಡಿಗ್ರಿ ಕಾಲೇಜಿನಲ್ಲಿ ಅವಳಿಗೆಂದು ಕಾಯ್ದಿರಿಸಿರುವ ಲೆಕ್ಚರರ್ ಕೆಲಸಕ್ಕೆ ಹೋಗಿ ಸೇರಬಹುದು. ಇಲ್ಲವೆಂದರೆ ಎಲ್ಲ ಮೊದಲಿನಿಂದ. ಆ ಕೆಲಸ ಬೇರೆಯವರಿಗೆ. ಆದರೆ ಹೇಳಿದರೆ ಅಚ್ಚಾದ ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕು. ಅದಾದರೂ ಹೋಗಲಿ. ನಗುತ್ತಾರೆ. ಅವಳು ಹೆದರಿದ್ದು ಅದಕ್ಕೇ. ಶಿಡ್ಲಘಟ್ಟದ ಕನ್ನಡ ಶಾಲೆಯಿಂದ ಎಂಎಸ್ಸಿಗೆ ಹೋದ ವರ್ಷ ಸೆಮಿನಾರಿನಲ್ಲಿ ಸ್ಪಿನ್ ಎನ್ನಲು ಹೋಗಿ ಇಸ್ಪಿನ್ ಎಂದಿದ್ದಳು. ಎಲೆಕ್ಟ್ರಾನಿನ ಇಸ್ಪಿನ್. ಪ್ರೊಫೆಸರೇ ಮೊದಲು ನಕ್ಕದ್ದು. ಕೋರ್ಸು ಮುಗಿಯುವವರೆಗೂ ಹಾಸ್ಟೆಲಿನಲ್ಲಿ ಅವಳ ಹೆಸರು ಇಸ್ಪಿನ್ನೇ ಆಗಿತ್ತು. ಈಗಲೂ ಆ ಶಬ್ದ ಬಂದಾಗ ನಾಲಿಗೆ ಒಂದು ಗಳಿಗೆ ತಡೆದು ದಾಟುತ್ತದೆ. ಈ ವಯಸ್ಸಿನಲ್ಲಿ ಕುಂಕುಮ ಮೇಡಂ ಅನ್ನಿಸಿಕೊಂಡು ಬದುಕುವುದು ಹೇಗೆ? ಇದು ಚಿಕ್ಕ ಕಾರಣ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ಕಾರು ನಿಲ್ಲಿಸಿ ಮೆಟ್ಟಿಲು ಹತ್ತುವಾಗ ಕಾರಿಡಾರಿನ ತುದಿಯಲ್ಲಿ ತನುಜ ಗೋಡೆಯ ಕಡೆ ಮುಖ ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದಳು. ಅಪ್ಪನ ಜೊತೆ ಅವಳದು ತೆಲುಗು. "ಭಯಂ ಲೇದು ನಾನ್ನಾ. ಮೇಡಂ ಉಂಟಾರು ಕದಾ," ಎನ್ನುತ್ತಿದ್ದಳು. ಭಯವಿಲ್ಲ ಅಪ್ಪ, ಮೇಡಂ ಇರುತ್ತಾರಲ್ಲ. ಈ ಸೀಮೆಯಲ್ಲಿ ಯಾರಿಗೆ ತೆಲುಗು ಬರುವುದಿಲ್ಲ? ಪದ್ಮಶ್ರೀ ಕೇಳಿಸದವಳ ಹಾಗೆ ಚಪ್ಪಲಿ ಸದ್ದು ಮಾಡದೆ ಸ್ಟಾಫ್ ರೂಮಿಗೆ ನುಗ್ಗಿದಳು. ಹೋದ ಚಳಿಗಾಲದಲ್ಲಿ ಕೋನಪ್ಪ ಒಂದು ಚೀಲ ಸೊಗಡಿನ ಅವರೆಕಾಯಿ ತಂದುಕೊಟ್ಟಿದ್ದರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪಂಚೆ. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಮಗೂನ ನಿಮ್ಮ ಕೈಗೆ ಹಾಕಿದೀವಿ ಮೇಡಂ," ಎಂದಿದ್ದರು. ಅವರೆಕಾಯಿ ಶಿಡ್ಲಘಟ್ಟಕ್ಕೆ ಹೋಯಿತು. ಅಮ್ಮ ಸುಲಿಯುತ್ತ ಕೂತು, "ಯಾರ ಮನೇದೇ? ಯಾವ ಜನ?" ಎಂದು ಕೇಳಿದಳು. "ಗೊತ್ತಿಲ್ಲಮ್ಮ, ಸ್ಟೂಡೆಂಟ್ ಕೊಟ್ಟಿದ್ದು," ಎಂದಿದ್ದಳು ಪದ್ಮಶ್ರೀ. ಹಿತಕಿದ ಬೇಳೆಯ ಸಾರು ಎಲ್ಲರೂ ಚಪ್ಪರಿಸಿಕೊಂಡು ಉಂಡರು. ಒಂದು ಸುಳ್ಳಿನಿಂದ ಯಾರಿಗೂ ಏನೂ ಆಗಲಿಲ್ಲ, ಅಮ್ಮನಿಗೂ ಸಮಾಧಾನ, ಸಾರಿಗೂ ರುಚಿ. ಈಗ ಅದು ಯಾಕೆ ಗಂಟಲಿಗೆ ಬರುತ್ತಿದೆಯೋ.

ಸಮಿತಿ ಎಂದರೆ ಮೂವರೇ. ಅಧ್ಯಕ್ಷರು ನರಸಿಂಹಪ್ಪ, ನಿವೃತ್ತಿಗೆ ಹತ್ತಿರವಾದ ಪ್ರೊಫೆಸರು, ಯಾರನ್ನೂ ನೋಯಿಸದೆ ಬದುಕಿದವರು ಎಂದು ಹೆಸರು. ಜೊತೆಗೆ ಮೋಹನ್‌ಬಾಬು, ಗೈಡ್ ಆಗಿ ಪದ್ಮಶ್ರೀ. ಮೇಜಿನ ಮೇಲೆ ಟೀ, ಒಂದು ತಟ್ಟೆ ಬಿಸ್ಕತ್ತು. ತನುಜ ತಿಳಿ ಹಸಿರು ಚೂಡಿದಾರ್ ಹಾಕಿದ್ದಳು. ಮೊದಲ ಸಲದ ನೆಟ್ಟಗಿನ ಗೆರೆ ತೋರಿಸಿದಳು, ಎರಡನೇ ಸಲದ ಕುಣಿಕೆ ತೋರಿಸಿದಳು, ಬೆಳಕಿನ ಎರಡು ಗೆರೆಗಳು ಒಂದರ ಮೇಲೊಂದು ಕೂತದ್ದು ತೋರಿಸಿದಳು, ಕೊನೆಗೆ ಕಬ್ಬಿಣ. ಏನನ್ನೂ ಮುಚ್ಚಲಿಲ್ಲ. ತನ್ನ ಹೆಸರೂ ಇರುವ ಪ್ರಬಂಧ ತಪ್ಪು ಎಂದು ತಾನೇ ನಿಂತು ತೋರಿಸುವುದು ಇಷ್ಟು ಸಲೀಸೇ ಎಂದು ಪದ್ಮಶ್ರೀ ಬೆರಗಾಗಿ ನೋಡಿದಳು. ಆ 'ಸರಿ ಮೇಡಂ' ಎಂದು ತಲೆ ತಗ್ಗಿಸುತ್ತಿದ್ದ ಹುಡುಗಿ ಇವಳೇ.

"ಎಲ್ಲ ಸರಿಯಮ್ಮಾ. ಕಬ್ಬಿಣ ಎಲ್ಲಿಂದ ಬಂತು?" ಎಂದರು ನರಸಿಂಹಪ್ಪ.

ತನುಜ ಪರದೆಯ ಕಡೆ ನೋಡಿದಳು, ಆಮೇಲೆ ಪದ್ಮಶ್ರೀಯ ಕಡೆ. ಆ ನೋಟದಲ್ಲಿ ದೂರಿರಲಿಲ್ಲ. ದಾರಿ ಬಿಟ್ಟುಕೊಟ್ಟವರ ಹಾಗಿತ್ತು, ನೀವು ಮುಂದೆ ಹೋಗಿ ಎನ್ನುವಂತೆ. ಪದ್ಮಶ್ರೀ ಬಾಯಿ ತೆರೆದಳು. "ಚಿಮಟ ಇರಬಹುದು ಸಾರ್. ಸ್ಟೀಲ್ ಚಿಮಟ. ಹುಡುಗರು ಅವಸರದಲ್ಲಿ ಕೈಗೆ ಸಿಕ್ಕಿದ್ರಲ್ಲಿ ಎತ್ತಿಬಿಡ್ತಾರೆ." ಇದನ್ನು ಹೇಳಬೇಕೆಂದು ಬಂದಿರಲಿಲ್ಲ ಎಂದುಕೊಂಡಳು. ಆದರೆ ವಾಕ್ಯ ಎಲ್ಲೂ ತಡವರಿಸದೆ ಬಂದಿತ್ತು. ಎರಡು ದಿನದಿಂದ ಸ್ನಾನದ ಮನೆಯಲ್ಲಿ ಅದು ತಯಾರಾಗುತ್ತಲೇ ಇದ್ದಿರಬೇಕು.

"ಸ್ಟೀಲ್ ಚಿಮಟ ಉಪಯೋಗಿಸಿದ್ಯೇನಮ್ಮಾ?" ಎಂದು ನರಸಿಂಹಪ್ಪ ತನುಜಳನ್ನು ಕೇಳಿದರು.

"ಇಲ್ಲ ಸಾರ್. ಶುರುವಿನಿಂದಾನೂ ಪ್ಲಾಸ್ಟಿಕ್‌ದೇ."

ಮೋಹನ್‌ಬಾಬು ತಲೆಯಾಡಿಸಿದರು. "ಚಿಮಟ ಅಂದ್ರೆ ಒಂದೆರಡ್ರಲ್ಲಿ ಇರ್ತಿತ್ತು ಮೇಡಂ. ಇದು ಎಲ್ಲದ್ರಲ್ಲೂ ಇದೆ, ಅರೆಯೋವಾಗ್ಲೇ ಸೇರಿರೋದು. ಎಲ್ಲಿಂದ ಅಂತ ಗೊತ್ತಾದ್ರೆ ತೊಂದರೆ ಇಲ್ಲ. ಮೊದಲನೇ ಸಲದ್ದೇ ಇಟ್ಕೊಂಡು ಬರೀಲಿ, ಅಯಸ್ಕಾಂತ ಇಲ್ಲ ಅನ್ನೋದೂ ಒಂದು ಉತ್ತರಾನೇ. ಗೊತ್ತಿಲ್ಲ ಅಂದ್ರೆ ಮೊದಲನೇದನ್ನ ತಾನೇ ಹೆಂಗೆ ನಂಬೋದು?"

"ಅದೇ ನಾನೂ ಹೇಳೋದು," ಎಂದರು ನರಸಿಂಹಪ್ಪ, ತಂದೆಯಂತೆ. "ಇಂಥ ಕೆಲಸಕ್ಕೆ ಕೈ ಶುದ್ಧ ಇರಬೇಕಮ್ಮಾ."

ಅವರು ಯಾವ ಅರ್ಥದಲ್ಲೂ ಹೇಳಿರಲಿಲ್ಲ. ಬಾಯಿಗೆ ಬಂದ ಮಾತು. ಆದರೆ ತನುಜ ರಿಮೋಟ್ ಹಿಡಿದ ತನ್ನ ಕೈಯನ್ನು ನಿಧಾನಕ್ಕೆ ಬೆನ್ನ ಹಿಂದೆ ಒಯ್ದದ್ದನ್ನು ಪದ್ಮಶ್ರೀ ನೋಡಿದಳು. ಇನ್ನು ತಡೆಯಲಾಗಲಿಲ್ಲ. ಹೇಳಿಬಿಡುತ್ತೇನೆ ಎಂದು ತೀರ್ಮಾನಿಸಿದಳು, ಆ ತೀರ್ಮಾನದಿಂದ ಕಣ್ಣಲ್ಲಿ ನೀರೂ ಬಂತು, ಹೇಳಿಯೂ ಹೇಳಿದಳು. "ಸಾರ್, ನನ್ನದೂ ತಪ್ಪಿರಬಹುದು. ನಾನು ಶುಕ್ರವಾರ ಲ್ಯಾಬಲ್ಲಿ ಪೂಜೆ ಮಾಡ್ತೀನಲ್ಲ, ಒರಳಿಗೂ ಒಂದು ಬೊಟ್ಟು ಕುಂಕುಮ ಇಡ್ತಿದ್ದೆ. ಅದರಿಂದ್ಲೇ ಬಂತೋ ಏನೋ." ಹೇಳುವಾಗ ನಕ್ಕಳು. ನಗಬಾರದಿತ್ತು. ಇರಬಹುದು, ಏನೋ ಎಂಬ ಎರಡು ಮಾತುಗಳನ್ನೂ ಆ ನಗುವನ್ನೂ ಬಿಟ್ಟು ಹೇಳಿದ್ದರೆ ಅದು ನಿಜವಾಗುತ್ತಿತ್ತು. ನಿನ್ನೆಯ ಕಪ್ಪು ಪುಡಿಯ ಸುದ್ದಿಯನ್ನು ನಾಲಿಗೆಯ ಕೆಳಗೇ ಇಟ್ಟುಕೊಂಡಿದ್ದಳು. ನಂಬದಿರಲಿ ಎಂದೇ ಹೇಳಿದ ಸತ್ಯ ಅದು, ಹೇಳುತ್ತಿದ್ದಾಗಲೇ ಅವಳಿಗೆ ಗೊತ್ತಿತ್ತು.

ಇಬ್ಬರೂ ನಕ್ಕರು. ಇಷ್ಟು ದಿನ ಹೆದರಿದ್ದ ನಗು ಇದಾಗಿರಲಿಲ್ಲ. ಬೆಚ್ಚಗಿತ್ತು, ಮನೆಯವರ ನಗುವಿನ ಹಾಗಿತ್ತು. "ಬಿಡಿ ಮೇಡಂ," ಎಂದರು ನರಸಿಂಹಪ್ಪ. "ದೊಡ್ಡ ಮನಸ್ಸು ನಿಮ್ದು. ಶಿಷ್ಯೆ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳೋ ಗೈಡ್ ಈ ಕಾಲದಲ್ಲಿ ಎಲ್ಲಿದಾರೆ? ದೇವರ ಕುಂಕುಮ ಎಲ್ಲಾದ್ರೂ ಕೆಲಸ ಕೆಡಿಸ್ತದಾ?"

"ಮೇಡಂ ಹೇಳಿದ್ದು ನಿಜ ಸಾರ್."

ತನುಜ ದನಿ ಎತ್ತಿರಲಿಲ್ಲ. ಆದರೂ ಟೀ ಲೋಟಗಳು ನಿಂತಲ್ಲೇ ನಿಂತವು. "ಕುಂಕುಮದಿಂದ್ಲೇ ಬಂದಿರೋದು. ನಾನು ಆವಾಗ್ಲೇ ಒಂದ್ಸಲ ಮೇಡಂಗೆ ಹೇಳಿದ್ದೆ. ಆ ಕುಂಕುಮ ಸ್ವಲ್ಪ ಕೊಡಿಸಿ ಸಾರ್, ಇವತ್ತೇ ಕುಲುಮೇಲಿ ಕಾಯಿಸಿ ತೋರಿಸ್ತೀನಿ."

ನರಸಿಂಹಪ್ಪನವರ ಮುಖದಿಂದ ನಗು ಇಳಿಯಿತು. ಅವರಿಗೆ ಸಿಟ್ಟು ಬಂದದ್ದಲ್ಲ, ನೋವಾಗಿತ್ತು. "ನೋಡಮ್ಮಾ, ಅವರು ದೊಡ್ಡತನಕ್ಕೆ ಒಂದು ಮಾತು ಅಂದ್ರು. ಅದನ್ನೇ ಹಿಡ್ಕೊಂಡು ಅವರ ಮೇಲೆ ಹೊರಿಸೋದಾ? ಉಂಡ ಮನೆ ಜಂತೆ ಎಣಿಸಬಾರದು ಕಣಮ್ಮಾ. ಇಷ್ಟು ವರ್ಷ ಲ್ಯಾಬ್ ಕೊಟ್ಟಿದಾರೆ, ಬೀಗದ ಕೈ ಕೊಟ್ಟಿದಾರೆ." ಪದ್ಮಶ್ರೀಯ ಕಡೆ ತಿರುಗಿದರು. "ಏನ್ ಮೇಡಂ, ಪರೀಕ್ಷೆ ಮಾಡಿಸಣವಾ? ನೀವು ಹೂಂ ಅಂದ್ರೆ ಮಾಡಿಸಣ."

ಹೂಂ ಎಂದರೆ ಸಾಕಾಗಿತ್ತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿನ್ನೆಯೇ ಮಾಡಿದೆ, ಎದ್ದು ನಿಂತಿತು ಎನ್ನಬಹುದಿತ್ತು. ಮೋಹನ್‌ಬಾಬು ಕುತೂಹಲದಿಂದ ಮುಂದೆ ಬಾಗಿದ್ದರು. ತನುಜ ಬೇಡಿಕೊಳ್ಳುತ್ತಿರಲಿಲ್ಲ, ಹೆದರಿಸುತ್ತಲೂ ಇರಲಿಲ್ಲ. ಉಪಕರಣದ ಮುಂದೆ ಕೂತು ಅಂಕಿ ಮೂಡುವುದನ್ನು ಕಾಯುವಾಗ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದಳು, ಏನು ಬಂದರೆ ಅದನ್ನು ಬರೆದುಕೊಳ್ಳುವವಳಂತೆ. ಪದ್ಮಶ್ರೀಗೆ ಅವಳ ಮೇಲೆ ಆ ಗಳಿಗೆಯಲ್ಲಿ ಉಕ್ಕಿಬಂದದ್ದು ಪ್ರೀತಿಯೇ. ತನ್ನ ಮಗಳಾಗಿದ್ದರೆ ಎಂದುಕೊಂಡಳು. ಅಯ್ಯೋ, ಎಷ್ಟು ಬಳಲಿದ್ದಾಳೆ, ಕಣ್ಣ ಕೆಳಗೆ ಎಷ್ಟು ಕಪ್ಪಾಗಿದೆ ಎಂದುಕೊಂಡಳು. ಆ ಪ್ರೀತಿಯೇ ದನಿಯಾಗಿ ಹೊರಗೆ ಬಂತು.

"ಬೇಡ ಬಿಡಿ ಸಾರ್," ಎಂದಳು. "ಪಾಪ, ಟೆನ್ಷನ್ನಲ್ಲಿದಾಳೆ."

ನರಸಿಂಹಪ್ಪ ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದರು. ಒಂದು ವರ್ಷ ಕೊಡೋಣ, ಎಲ್ಲ ಮೊದಲಿಂದ ಮಾಡಲಿ, ಹುಡುಗಿ ಬುದ್ಧಿವಂತೆ, ಮಾಡುತ್ತಾಳೆ ಎಂದರು. ಮೋಹನ್‌ಬಾಬು ಒಮ್ಮೆ ಪದ್ಮಶ್ರೀಯ ಮುಖವನ್ನು ನೋಡಿ, ಏನೋ ಹೇಳಲು ಹೊರಟು, ಗಡಿಯಾರ ನೋಡಿಕೊಂಡು, ಬಸ್ಸಿನ ಮಾತೆತ್ತಿದರು. ಬೀಸುವ ದೊಣ್ಣೆ ತಪ್ಪಿತ್ತು. ಎದೆ ಹಗುರಾದದ್ದು ಪದ್ಮಶ್ರೀಗೆ ತಿಳಿಯಿತು, ಹಗುರಾಯಿತಲ್ಲ ಎಂದು ಹೇಸಿಗೆಯೂ ಆಯಿತು. ಏನಾದರೂ ಮಾಡಬೇಕೆನ್ನಿಸಿ ಬಿಸ್ಕತ್ತಿನ ತಟ್ಟೆಯನ್ನು ಎತ್ತಿಕೊಂಡು ಎದ್ದು, ತನುಜಳ ಹತ್ತಿರ ಹೋಗಿ ಹಿಡಿದಳು. "ತಗೋಮ್ಮಾ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ಸುತ್ತೆ. ನಾನು ಗೌರಿಬಿದನೂರಿನ ಪ್ರಿನ್ಸಿಪಾಲ್ ಹತ್ರ ಮಾತಾಡ್ತೀನಿ, ಇನ್ನೊಂದು ಸ್ವಲ್ಪ ದಿನ ಕಾಯ್ರಿ ಅಂತ ಹೇಳಿ ನೋಡ್ತೀನಿ."

ತನುಜ ಪ್ರೊಜೆಕ್ಟರ್ ಆರಿಸಿದಳು. ಗೋಡೆಯ ಮೇಲಿನ ಗೆರೆಗಳು ಹೋದವು. ಅವಳು ಪದ್ಮಶ್ರೀಯನ್ನು ನೋಡಿ ಮುಗುಳ್ನಕ್ಕಳು, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರಿಗೆ ಇಳಿಯುವಾಗ ನಗುವ ಹಾಗೆ.

"ನಾನೇ ಫೋನ್ ಮಾಡಿ ಬರಲ್ಲ ಅಂತ ಹೇಳ್ತೀನಿ ಮೇಡಂ," ಎಂದಳು. "ನಿಮಗ್ಯಾಕೆ ತೊಂದರೆ."

ಪದ್ಮಶ್ರೀ ಆಗಲಿ ಎನ್ನುವಂತೆ ತಲೆಯಾಡಿಸಿದಳು. ತಟ್ಟೆ ಅವಳ ಕೈಯಲ್ಲೇ ಇತ್ತು.